ಗಂಜಿ ಹಾಕದ ಬಿಸ್ಕತ್ತು

ಇಸ್ತ್ರಿ ಅಂಗಡಿಯ ಅಕ್ಕ ಕಳೆದ ಗುರುವಾರ ಸಂಜೆ ತೀರಿಕೊಂಡಳು. ಹೃದಯ ನಿಂತುಹೋಯಿತು ಎಂದರು ಡಾಕ್ಟರು. ಅರವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನವೂ ಹಾಸಿಗೆ ಹಿಡಿದವಳಲ್ಲ.

ಹೋದವರ ಬಗ್ಗೆ ಒಳ್ಳೆಯ ಮಾತನ್ನಷ್ಟೇ ಆಡಬೇಕು ಎನ್ನುತ್ತಾರೆ. ಅಕ್ಕನ ವಿಷಯದಲ್ಲಿ ಅದು ಸ್ವಲ್ಪ ಕಷ್ಟ. ಬಾಯಿ ಜೋರು, ಹಠ ಇನ್ನೂ ಜೋರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಆದರೆ ಆ ಹಠ ಇರದಿದ್ದರೆ ನಮ್ಮ ಬೀದಿಯವರು ಒಳ್ಳೆಯ ಬಿಸ್ಕತ್ತು ತಿನ್ನದೆಯೇ ಸಾಯುತ್ತಿದ್ದರು. ಆದ್ದರಿಂದ ಹಠದ ಕಥೆಯನ್ನೇ ಹೇಳಬೇಕು.

ಅವಳ ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲಿನ ಕೆಳಗಿನ ಜಾಗ. ಸೂರು ಇಳಿಜಾರು, ಎತ್ತರದವರು ಒಳಗೆ ಕಾಲಿಟ್ಟರೆ ತಲೆ ಬಗ್ಗಿಸಲೇಬೇಕು. ಹಳೇ ಕಂಬಳಿ ಮಡಚಿ ಹಾಸಿದ ಮೇಜು, ಅದರ ಮೇಲೊಂದು ಬಿಳಿ ಬಟ್ಟೆ, ಬಿಳಿ ಬಟ್ಟೆಯ ಮೇಲೆ ಅಲ್ಲಲ್ಲಿ ಕಂದು ಕಲೆಗಳು. ಕೆಂಡ ತುಂಬುವ ಭಾರದ ಇಸ್ತ್ರಿ ಪೆಟ್ಟಿಗೆ. ಪಕ್ಕದಲ್ಲಿ ನೀರಿನ ಚೊಂಬು. ಬಲಗೈ ಬೆರಳನ್ನು ಚೊಂಬಿನಲ್ಲಿ ಅದ್ದಿ ಬಟ್ಟೆಯ ಮೇಲೆ ಚಿಮುಕಿಸುವುದು, ಮೇಲೆ ಪೆಟ್ಟಿಗೆ ಒತ್ತುವುದು. ಸುಕ್ಕು ಎಂಥದೇ ಇರಲಿ, ಅವಳ ಹತ್ತಿರ ಇದ್ದ ಮದ್ದು ಇದೊಂದೇ. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ ಮಾಡಿ ಮಾಡಿ, ಬರಿಗೈಯಲ್ಲಿ ಮಾತಾಡುತ್ತ ನಿಂತಾಗಲೂ ಅವಳ ಬೆರಳು ಗಾಳಿಗೆ ನೀರು ಚಿಮುಕಿಸುತ್ತಿತ್ತು.

ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಅವಳ ತಮ್ಮನ ಬೇಕರಿ. ಅದು ಅವರಪ್ಪ ಕಟ್ಟಿದ್ದು. ಹಿಂದೆ ಭಟ್ಟಿ, ಮುಂದೆ ಗಾಜಿನ ಭರಣಿಗಳ ಸಾಲು. ಅಪ್ಪ ಇದ್ದಷ್ಟು ದಿನ ಸಾಲಿನ ಮೊದಲನೇ ಭರಣಿಯಲ್ಲಿ ಬೆಣ್ಣೆ ಬಿಸ್ಕತ್ತು ಇರುತ್ತಿತ್ತು. ಅಪ್ಪನ ನಂತರ ತಮ್ಮನೂ ಬಹಳ ವರ್ಷ ಮಾಡಿದ. ಆಮೇಲೆ ಅವನ ಸೊಂಟ ಕೈಕೊಟ್ಟಿತು. ಭಟ್ಟಿ ಆರಿತು, ಅದರ ಹೊಟ್ಟೆಯೊಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳು ಸೇರಿದವು. ಉಳಿದ ಭರಣಿಗಳಿಗೆಲ್ಲ ಫ್ಯಾಕ್ಟರಿಯ ಮಾಲು ಬಂತು. ಮೊದಲನೇ ಭರಣಿಯನ್ನು ಮಾತ್ರ ಅವನು ತುಂಬಲೂ ಇಲ್ಲ, ತೆಗೆದಿಡಲೂ ಇಲ್ಲ.

ಒಂದು ಬೆಳಿಗ್ಗೆ ಅಕ್ಕ ತಮ್ಮನ ಶರ್ಟುಗಳನ್ನು ಕೊಡಲು ಹೋದಾಗ ಪೋಸ್ಟ್‌ಮ್ಯಾನ್ ಬಿಸ್ಕತ್ತು ಕೊಳ್ಳುತ್ತ ನಿಂತಿದ್ದ. ಅಕ್ಕ ಅವನ ಕೈಯಿಂದಲೇ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡಳು.

"ಏನೋ ಇದು? ರಟ್ಟಿಗೆ ಸಕ್ಕರೆ ಬಳಿದಂಗಿದೆ."

"ರಟ್ಟೇ ಆಗ್ಲಿ, ಜನ ತಿಂತಾರಲ್ಲಕ್ಕ," ಎಂದ ತಮ್ಮ.

"ಅಪ್ಪ ಇದ್ದಿದ್ರೆ ಇದನ್ನ ನಾಯಿಗೂ ಹಾಕ್ತಿರ್ಲಿಲ್ಲ."

ಆ ಮಾತು ತಮ್ಮನಿಗೆ ನಾಟಿತು. ಶರ್ಟಿನ ಕಟ್ಟನ್ನು ಪಕ್ಕಕ್ಕೆ ಸರಿಸಿ ಅವನು ಹೇಳಿದ, "ನೋಡಕ್ಕ, ಭಟ್ಟಿ ಮುಂದೆ ಬಗ್ಗಿ ಏಳೋಕೆ ನನ್ನ ಸೊಂಟಕ್ಕಾಗಲ್ಲ. ಅಪ್ಪನ ಮೇಲೆ ನಿಂಗೆ ಅಷ್ಟು ಪ್ರೀತಿ ಉಕ್ಕಿದ್ರೆ ನೀನೇ ಮಾಡು. ಆಡೋದು ಸುಲಭ. ಇಸ್ತ್ರಿ ಪೆಟ್ಟಿಗೆ ಹಿಡಿದ ಕೈಗೆ ಬಿಸ್ಕತ್ತು ಬರುತ್ತಾ?"

"ಬಂದ್ರೆ?"

"ಬಂದ್ರೆ ಆ ಖಾಲಿ ಭರಣಿ ನಿಂದು. ಆದ್ರೆ ನಾನು ಮುರಿದು, ಮೂಸಿ, ತಿಂದು, ಹೂಂ ಅಂದ್ಮೇಲೆ."

"ನಿನ್ನ ಬಾಯಲ್ಲೇ ಹೂಂ ಅನ್ನಿಸ್ತೀನಿ, ನೋಡ್ತಿರು."

"ನಾನೇ ಸಾಕ್ಷಿ," ಎಂದ ಪೋಸ್ಟ್‌ಮ್ಯಾನ್, ತನ್ನ ಬಿಸ್ಕತ್ತು ಹೋದ ಬೇಜಾರಿನಲ್ಲೂ.

ಅಂಗಡಿಗೆ ವಾಪಸು ಬಂದು ಕೆಂಡ ಕೆದಕುವಾಗ ಅವಳಿಗೆ ಹೊಳೆಯಿತು: ಬಿಸ್ಕತ್ತು ಹೇಗೆ ಮಾಡುವುದೆಂದು ತನಗೆ ಗೊತ್ತೇ ಇಲ್ಲ. ಅಪ್ಪ ಅವಳನ್ನು ಭಟ್ಟಿಯ ಕೋಣೆಗೆ ಬಿಟ್ಟುಕೊಂಡಿರಲಿಲ್ಲ. "ನೀನು ಕೈ ಸುಟ್ಕೊಂಡ್ರೆ ನಿಮ್ಮಮ್ಮ ನನ್ನನ್ನೇ ಸುಡ್ತಾಳೆ," ಎನ್ನುತ್ತಿದ್ದ. ಹಾಗೆ ಬೆಂಕಿಯಿಂದ ದೂರವಿಟ್ಟು ಬೆಳೆಸಿದ ಮಗಳು ಬದುಕೆಲ್ಲ ಕೆಂಡದ ಪಕ್ಕದಲ್ಲೇ ನಿಂತಳು, ಆ ಮಾತು ಬೇರೆ. ತಮ್ಮನನ್ನು ಕೇಳುವ ಹಾಗಿಲ್ಲ, ಕೇಳಿದರೆ ಸೋತಂತೆ. ಉಳಿದದ್ದು ನೆನಪು. ಅಪ್ಪನಿಗೆ ಊಟ ಕೊಡಲು ಹೋದಾಗ ಬಾಗಿಲಲ್ಲಿ ನಿಂತು ಕಂಡದ್ದು: ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೂ ಉಜ್ಜುವುದು, ಹಿಟ್ಟು ಸುರಿಯುವುದು, ಮಣೆಯ ಮೇಲೆ ಲಟ್ಟಿಸುವುದು. ಮತ್ತೆ ಪಕ್ಕದ ಬಟ್ಟಲಿಗೆ ಬೆರಳು ಹಾಕಿ ಅಪ್ಪ ಏನನ್ನೋ ಚಿಮುಕಿಸುತ್ತಿದ್ದ. ಥೇಟ್ ತಾನು ಬಟ್ಟೆಗೆ ಚಿಮುಕಿಸುವ ಹಾಗೆಯೇ.

"ಅಯ್ಯೋ, ಇದು ನನಗೆ ಗೊತ್ತಿರೋ ಕೆಲಸವೇ ಅಲ್ವಾ!" ಎಂದುಕೊಂಡಳು.

ಮನೆಯಲ್ಲಿ ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಗೆ ಮರಳು ಹರವಿ, ಮುಚ್ಚಳ ಮುಚ್ಚಿ, ಸ್ಟೌ ಮೇಲಿಟ್ಟು ಕಾಯಿಸಿದಳು. ಹಿಟ್ಟು ಲಟ್ಟಿಸುವಾಗ ಅಂಚು ಬಿರುಕು ಬಿಟ್ಟಿತು. ಬಿರುಕು ಕಂಡರೆ ಅಕ್ಕನಿಗೆ ಸಹಿಸಲಾಗದು. ನೀರು ಚಿಮುಕಿಸಿದಳು, ಅಂಗೈಯಿಂದ ಒತ್ತಿದಳು. ಹಿಟ್ಟು ಹೇಳಿದಂತೆ ಕೇಳಿತು. ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ನುಣ್ಣಗಾಯಿತು. ಲೋಟ ಬೋರಲು ಹಾಕಿ ದುಂಡಗೆ ಕತ್ತರಿಸಿ ಬೇಯಿಸಿದಳು. ಹೊರಬಂದ ಬಿಸ್ಕತ್ತುಗಳು ನೋಡಲು ಎಷ್ಟು ಚೆಂದವಿದ್ದವೆಂದರೆ, ಗಂಡನನ್ನು ಕೂಗಿ ಕರೆದು ತೋರಿಸಿದಳು.

ಗಂಡ ರಿಟೈರಾದ ಬಸ್ ಡ್ರೈವರು. ಹಲ್ಲು ಕೆಲವೇ ಉಳಿದಿದ್ದವು, ತಮಾಷೆ ಪೂರ್ತಿ ಉಳಿದಿತ್ತು. ಒಂದನ್ನು ಕಚ್ಚಿದ, ಹೊರಗೆ ತೆಗೆದು ನೋಡಿದ, ಇನ್ನೊಂದು ಕಡೆಯಿಂದ ಕಚ್ಚಿದ.

"ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ ಕಣೇ. ಇದನ್ನ ತಿನ್ನೋಕೆ ಹಲ್ಲಿದ್ದವನ ಕೈಲೂ ಆಗಲ್ಲ."

"ಟೀಯಲ್ಲಿ ಅದ್ದಿ ತಿನ್ನಿ."

"ಅದ್ದಿದೆ. ಟೀ ಖಾಲಿಯಾಯ್ತು, ಇದು ಹಾಗೇ ಇದೆ."

ಅಕ್ಕ ತಟ್ಟೆ ಹಿಡಿದು ಎದುರುಮನೆಯ ಟೀಚರಮ್ಮನ ಹತ್ತಿರ ಹೋದಳು. ಇಬ್ಬರದೂ ಹಳೆಯ ಸ್ನೇಹ. ಟೀಚರಮ್ಮ ಕಚ್ಚಿ, ದವಡೆ ಹಿಡಿದುಕೊಂಡು, "ಪರವಾಗಿಲ್ಲ ಅಕ್ಕ, ಚೆನ್ನಾಗೇ ಇದೆ," ಎಂದಳು.

"ದಡ್ಡ ಮಕ್ಕಳಿಗೆ ಮಾರ್ಕ್ಸ್ ಕೊಡೋ ಹಾಗೆ ನಂಗೂ ಕೊಡಬೇಡಿ ಟೀಚರಮ್ಮ. ಸರಿಯಾಗಿ ಹೇಳಿ."

"ಸರಿಯಾಗಿ ಹೇಳ್ಬೇಕಂದ್ರೆ, ಇದು ಕಲ್ಲು."

ಅಲ್ಲಿಂದ ಶುರುವಾಯಿತು. ತಪ್ಪು ಕಾವಿನದ್ದು ಅಂದುಕೊಂಡು ಉರಿ ತಗ್ಗಿಸಿದಳು. ತಪ್ಪು ಮರಳಿನದ್ದು ಅಂದುಕೊಂಡು ಮರಳು ಜರಡಿ ಹಿಡಿದಳು. ಸಕ್ಕರೆ ಪುಡಿ ಮಾಡಿದಳು, ಬೆಣ್ಣೆ ಬದಲಿಸಿದಳು. ಪ್ರತಿ ಸಲವೂ ಹಿಟ್ಟು ಬಿರಿಯುತ್ತಿತ್ತು, ಪ್ರತಿ ಸಲವೂ ನೀರು ಬೀಳುತ್ತಿತ್ತು, ಪ್ರತಿ ಸಲವೂ ಒಂದು ತಟ್ಟೆ ಚೆಂದದ ಕಲ್ಲು ಹೊರಬರುತ್ತಿತ್ತು. ಬೀದಿಗೆ ಸುದ್ದಿ ಹಬ್ಬಿತು. ಸೈಕಲ್ ರಿಪೇರಿಯವನು ಬಂದು, "ಅಕ್ಕಾ, ಸ್ಟ್ಯಾಂಡ್ ಕೆಳಗೆ ಇಡೋಕೆ ಒಂದೆರಡು ಇದ್ರೆ ಕೊಡಿ," ಎಂದ. ಅವನ ಶರ್ಟು ಒಂದು ವಾರ ಇಸ್ತ್ರಿಯಿಲ್ಲದೆ ಬಿದ್ದಿತ್ತು.

ತಮ್ಮನದು ಇನ್ನೊಂದು ಬಗೆ. ಅಕ್ಕ ಬೇಕರಿಯ ಮುಂದೆ ಹಾದುಹೋಗುವಾಗ ಖಾಲಿ ಭರಣಿಗೆ ಉಗುರಿನಿಂದ 'ಟಿಣ್' ಎನಿಸುತ್ತಿದ್ದ, ಅಷ್ಟೇ. ಆ ಸದ್ದಿಗೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಆ ಕಡೆ ಹೋಗುವುದನ್ನೇ ಬಿಟ್ಟು, ಹಿಂದಿನ ಓಣಿಯಲ್ಲಿ ಸುತ್ತು ಹಾಕಿಕೊಂಡು ಮನೆಗೆ ಹೋಗತೊಡಗಿದಳು. ಜಗಳಕ್ಕೆ ಎಂದೂ ಬೆನ್ನು ತೋರಿಸದವಳು ಒಂದು ಗಾಜಿನ ಭರಣಿಗೆ ಹೆದರಿ ಓಣಿ ಹಿಡಿದಳು. ಟೀಚರಮ್ಮ ಅದನ್ನು ಕಂಡೂ ಕಾಣದ ಹಾಗೆ ಇದ್ದಳು.

"ಬಿಟ್ಬಿಡು ಅತ್ಲಾಗೆ," ಎಂದ ಗಂಡ. "ತಮ್ಮನ ಹತ್ರ ಸೋತ್ರೆ ಏನಂತೆ?"

"ಸೋತ್ರೆ ಅವನು ಇನ್ನೂ ಆ ರಟ್ಟೇ ಮಾರ್ತಾನೆ. ಅಪ್ಪನ ಬಿಸ್ಕತ್ತು ಅಲ್ಲಿಗೆ ಮುಗೀತು. ಆಮೇಲೆ ಅದರ ರುಚಿ ಹೇಗಿತ್ತು ಅಂತ ಹೇಳೋಕೂ ಯಾರೂ ಇರಲ್ಲ."

ಅವತ್ತು ಹೋಟೆಲಿನ ಮೇಜುಬಟ್ಟೆಗಳಿಗೆ ಗಂಜಿ ಹಾಕುವ ದಿನ. ಅಕ್ಕ ಹಿತ್ತಲಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಮೈದಾ ಹಿಟ್ಟಿಗೆ ನೀರು ಸೇರಿಸಿ ತಿರುವುತ್ತಿದ್ದಳು. ಬಟ್ಟೆಯನ್ನು ಆ ಗಂಜಿಯಲ್ಲಿ ಅದ್ದಿ ಒಣಗಿಸಿದರೆ ಅದು ಸೆಟೆದು ನಿಲ್ಲುತ್ತದೆ. ಗಂಡ ಹೊಸ್ತಿಲ ಮೇಲೆ ಕೂತು ಹಿಂದಿನ ದಿನದ ಬಿಸ್ಕತ್ತೊಂದರ ಜೊತೆ ಹೋರಾಡುತ್ತಿದ್ದ.

"ಇದು ಯಾವ್ದರ ತರ ಇದೆ ಗೊತ್ತಾ? ನಿನ್ನ ತಮ್ಮನ ಮದುವೇಲಿ ನಾನು ಹಾಕ್ಕೊಂಡ ಶರ್ಟಿನ ಕಾಲರ್ ತರ. ಅಷ್ಟು ಗಂಜಿ ಹಾಕಿದ್ದೆ ನೀನು, ಕತ್ತು ತಿರುಗಿಸೋಕಾಗ್ದೆ ಬಂದೋರ ಮುಖಾನೇ ನೋಡ್ಲಿಲ್ಲ ನಾನು."

ಅಕ್ಕ ನಕ್ಕಳು. ಆಮೇಲೆ ನಗು ನಿಂತಿತು. ತಿರುವುತ್ತಿದ್ದ ಕೋಲೂ ನಿಂತಿತು.

ಪಾತ್ರೆಯೊಳಗೆ ನೋಡಿದಳು. ಹಿಟ್ಟು, ನೀರು, ಕಾವು. ಗಂಜಿ.

ಮದುವೆಯಾದ ಹೊಸದರಲ್ಲಿ ಅವಳು ಇಸ್ತ್ರಿ ಕಲಿತದ್ದೇ ಅಪ್ಪನ ಶರ್ಟುಗಳ ಮೇಲೆ. ಆ ಶರ್ಟಿನ ತೋಳುಗಳನ್ನು ನೆನಪಿಗೆ ತಂದುಕೊಂಡಳು. ತೋಳಿನ ತುದಿಗೆ ಬೆಣ್ಣೆಯ ಜಿಡ್ಡು ಇರುತ್ತಿತ್ತು. ಅದು ಹೋಗಲು ಸೋಪು ಹಚ್ಚಿ ಉಜ್ಜಬೇಕಿತ್ತು. ಹಿಟ್ಟೂ ಇರುತ್ತಿತ್ತು, ಆದರೆ ಒಮ್ಮೆ ಕೊಡವಿದರೆ ಪುರುಪುರು ಉದುರಿಹೋಗುತ್ತಿತ್ತು. ಹಿಟ್ಟಿನ ಜೊತೆ ನೀರೂ ಬಿದ್ದಿದ್ದರೆ? ಒಣಗಿ ಹೆಕ್ಕಳೆ ಕಟ್ಟುತ್ತಿತ್ತು, ಉಗುರಿನಿಂದ ಕೆರೆದು ತೆಗೆಯಬೇಕಾಗುತ್ತಿತ್ತು. ಅಪ್ಪನ ತೋಳಿನಲ್ಲಿ ಒಂದು ದಿನವೂ ಹೆಕ್ಕಳೆ ಕಂಡವಳಲ್ಲ ಅವಳು. ಹಾಗಾದರೆ ಅಪ್ಪನ ಬಟ್ಟಲಿನಲ್ಲಿ ನೀರೇ ಇರಲಿಲ್ಲ. ಮಣೆಗೆ ಅಂಟದಿರಲೆಂದು ಅವನು ಚಿಮುಕಿಸುತ್ತಿದ್ದುದು ಒಣ ಹಿಟ್ಟು. ದೂರದಿಂದ ಬೆರಳನ್ನಷ್ಟೇ ಕಂಡು, ಬಟ್ಟಲಿಗೆ ನೀರು ತುಂಬಿಸಿದ್ದು ತಾನೇ.

"ರೀ! ನಾನು ಇಷ್ಟು ದಿನ ಬಿಸ್ಕತ್ತಿಗೆ ಗಂಜಿ ಹಾಕ್ತಿದ್ದೆ ಕಣ್ರೀ!"

"ನಾನು ಇಷ್ಟು ದಿನ ಅದನ್ನ ತಿಂತಿದ್ದೆ ಕಣೇ," ಎಂದ ಗಂಡ.

ತಿಳಿದುಕೊಳ್ಳುವುದು ಒಂದು, ಕೈಗೆ ತಿಳಿಸುವುದು ಇನ್ನೊಂದು. ನೀರಿಲ್ಲದ ಹಿಟ್ಟು ಮರಳಿನ ಹಾಗೆ ಉದುರಿತು. ಲಟ್ಟಿಸಿದರೆ ನಾಲ್ಕೂ ಕಡೆ ಬಿರಿಯಿತು. ತಲೆ ಬೇಡವೆನ್ನುತ್ತಿದ್ದರೂ ಬಲಗೈ ತಾನಾಗಿ ಚೊಂಬಿನತ್ತ ಹೋಗುತ್ತಿತ್ತು. ಎರಡು ಸಲ ಹಾಗೇ ಕೆಟ್ಟಿತು. ಮೂರನೇ ಸಲ ಅಕ್ಕ ಚೊಂಬನ್ನು ಗಂಡನ ಮಡಿಲಲ್ಲಿಟ್ಟು, "ನಾನು ಕೇಳಿದ್ರೂ ಕೊಡಬೇಡಿ," ಎಂದಳು.

"ಕೊಡಲ್ಲ. ನಂಗೂ ಹಾಗೇ. ಈಗ್ಲೂ ಕುರ್ಚೀಲಿ ಕೂತಿದ್ರೆ ಕಾಲು ಬ್ರೇಕ್ ಹುಡುಕುತ್ತೆ."

ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ಸಲ ಡ್ಯೂಟಿಗೆ ಬಂದವನಂತೆ ನೆಟ್ಟಗೆ ಕೂತ. ಒಮ್ಮೆ ಅವಳು ಕೈ ಚಾಚಿಯೂ ಚಾಚಿದಳು. "ಕೈ ಹಿಂದಕ್ಕೆ!" ಎಂದು ಗದರಿದ. ಮನೆಯಲ್ಲಿ ಅವನು ಹೆಂಡತಿಯನ್ನು ಗದರಿ ದಕ್ಕಿಸಿಕೊಂಡದ್ದು ಅದೊಂದೇ ಸಲ.

ಅಕ್ಕ ಉದುರುವ ಹಿಟ್ಟನ್ನು ಒಣ ಬಿಳಿ ಬಟ್ಟೆಯೊಂದರಲ್ಲಿ ಸುತ್ತಿ, ಎರಡೂ ಅಂಗೈ ನಡುವೆ ಸುಮ್ಮನೆ ಹಿಡಿದುಕೊಂಡಳು. ನಾದಲಿಲ್ಲ, ಒತ್ತಲಿಲ್ಲ. ಕೈಯ ಬಿಸಿಗೆ ಬೆಣ್ಣೆ ಸಡಿಲವಾಗಿ ಹಿಟ್ಟು ಒಂದಕ್ಕೊಂದು ಅಂಟಿಕೊಂಡಿತು. ಲಟ್ಟಿಸಿದಾಗ ಅಂಚು ಆಗಲೂ ಬಿರಿದೇ ಇತ್ತು. ಅದನ್ನು ನೋಡುತ್ತ ನಿಂತವಳ ಮುಖ, ಸುಕ್ಕು ಹಾಗೇ ಇರುವ ಶರ್ಟನ್ನು ಗಿರಾಕಿಗೆ ಕೊಡಬೇಕಾಗಿ ಬಂದವಳ ಮುಖದಂತಿತ್ತು. "ಹಾಳಾಗಿ ಹೋಗ್ಲಿ," ಎಂದು ಹಾಗೆಯೇ ಕತ್ತರಿಸಿ ಪಾತ್ರೆಗಿಟ್ಟಳು.

ಕಾವಿನ ವಿಷಯಕ್ಕೆ ಬಂದರೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಳಿ ಹತ್ತಿ ಬಟ್ಟೆಯ ಚೂರೊಂದನ್ನು ಮೊದಲೇ ಪಾತ್ರೆಯೊಳಗೆ ಹಾಕಿ ನೋಡಿದ್ದಳು. ಅದು ಹಳದಿಗೆ ತಿರುಗಿದ ರೀತಿಯಲ್ಲೇ ಕಾವು ಎಷ್ಟೆಂದು ಅವಳಿಗೆ ಗೊತ್ತಾಯಿತು. ಕೆಳಗೆ ಬೆಂದು ಮೇಲೆ ಹಸಿ ಉಳಿಯಬಾರದೆಂದು, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನೇ ತಂದು ಮುಚ್ಚಳದ ಮೇಲೆ ಕೂರಿಸಿದಳು.

"ಈಗ ನೋಡು, ಬಿಸ್ಕತ್ತಿಗೂ ಇಸ್ತ್ರಿ," ಎಂದ ಗಂಡ, ಚೊಂಬು ಇನ್ನೂ ಮಡಿಲಲ್ಲೇ.

ಮುಚ್ಚಳ ತೆಗೆದಾಗ ಮನೆಯೆಲ್ಲ ಬೆಣ್ಣೆಯ ಪರಿಮಳ. ಗಂಡ ಒಂದನ್ನು ಮುಟ್ಟಿ ಕೈ ಎಳೆದುಕೊಂಡ. "ಮೆತ್ತಗಿದೆ ಕಣೇ, ಬೆಂದಿಲ್ಲ."

"ಮುಟ್ಬೇಡಿ. ಬಿಸಿ ಬಟ್ಟೆ ಮಡಚಿದ್ರೆ ಮತ್ತೆ ಗೆರೆ ಬೀಳುತ್ತೆ. ಆರಬೇಕು ಅದು."

ಆರಿತು. ಅಕ್ಕ ಒಂದನ್ನು ಎತ್ತಿ ಮುರಿದಳು. ಒಣಗಿದ ಪುರಳೆ ಕಡ್ಡಿ ಕಾಲ ಕೆಳಗೆ ಮುರಿದಂಥ ಸಣ್ಣ ಸದ್ದು. ಗಂಡ ತನ್ನ ಪಾಲನ್ನು ಟೀಗೆ ಅದ್ದದೆಯೇ ಬಾಯಿಗೆ ಹಾಕಿಕೊಂಡ. ಅದು ನಾಲಿಗೆಯ ಮೇಲೆ ತಾನಾಗಿಯೇ ಪುಡಿಯಾಯಿತು. ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. ಟೀಚರಮ್ಮನನ್ನು ಕೂಗಿದರು. ಅವಳು ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕಿದಳು.

"ಮಾರ್ಕ್ಸ್ ಹೇಳಿ," ಎಂದಳು ಅಕ್ಕ.

"ಬಾಯಿ ತುಂಬಿದೆ, ತಡೀರಿ."

ಮಾರನೇ ಬೆಳಿಗ್ಗೆ ಅಕ್ಕ ಓಣಿ ಹಿಡಿಯಲಿಲ್ಲ. ನಡುಬೀದಿಯಲ್ಲಿ, ಇಸ್ತ್ರಿ ಮಾಡಿದ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬೇಕರಿಗೆ ನಡೆದಳು. ಹಿಂದೆ ಗಂಡ, ಅವನ ಹಿಂದೆ ಟೀಚರಮ್ಮ. ದಾರಿಯಲ್ಲಿ ಸೈಕಲ್ ರಿಪೇರಿಯವನೂ ಸೇರಿಕೊಂಡ. ತಮ್ಮ ಭರಣಿಗೆ 'ಟಿಣ್' ಎನಿಸಲು ಎತ್ತಿದ ಬೆರಳನ್ನು ತಟ್ಟೆ ಕಂಡು ಇಳಿಸಿದ.

"ಮುರಿ," ಎಂದಳು ಅಕ್ಕ.

ತಮ್ಮ ಮುರಿದ. ಸದ್ದಿಗೆ ಅವನ ಹುಬ್ಬು ಏರಿತು. ಮೂಸಿದ. ತಿಂದ. ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದರು. ಅವನು ಗೋಡೆಯ ಕಡೆ ತಿರುಗಿಕೊಂಡ.

"ಉಪ್ಪು ಒಂದು ಚೂರು ಮುಂದಾಗಿದೆ."

"ಅಪ್ಪಂದೂ ಮುಂದಾಗೇ ಇರ್ತಿತ್ತು."

"ಅಂಚು ಬಿರಿದಿದೆ."

"ಅಪ್ಪಂದೂ ಬಿರೀತಿತ್ತು. ಹೂಂ ಅಂತೀಯೋ, ಇಲ್ಲ ಇನ್ನೂ ಒಂದು ತಿಂತೀಯೋ?"

ತಮ್ಮ ಇನ್ನೂ ಒಂದು ತಿಂದ. ಆಮೇಲೆ ಖಾಲಿ ಭರಣಿಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟ. ಅಕ್ಕನ ಮುಖ ಸಣ್ಣದಾಯಿತು. ಕೊಡುವುದಿಲ್ಲವೆಂದು ಬಚ್ಚಿಟ್ಟುಬಿಟ್ಟನೇ? ಒಳಗಿನಿಂದ ನಲ್ಲಿಯ ಸದ್ದು ಕೇಳಿತು. ಅವನು ಭರಣಿ ತೊಳೆಯುತ್ತಿದ್ದ, ಬಹಳ ಹೊತ್ತು ತೊಳೆದ. ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು.

"ಹೂಂ ಕಣಕ್ಕ," ಎಂದ. "ಹೂಂ. ಹೂಂ. ಸಾಕಾ?"

"ಸಾಕು. ಇಲ್ಲಿ ಕೊಡು, ಒಳಗೆ ತೇವ ಇದೆ," ಎಂದು ಅಕ್ಕ ಭರಣಿ ಕಿತ್ತುಕೊಂಡು, ತಟ್ಟೆಯ ಮೇಲಿನ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದಳು. ಆಮೇಲೆ ಒಂದೊಂದಾಗಿ ಬಿಸ್ಕತ್ತು ಜೋಡಿಸಿದಳು. ಟಪಾಲು ಚೀಲದೊಂದಿಗೆ ಬಂದ ಪೋಸ್ಟ್‌ಮ್ಯಾನ್ ಜನ ಸೇರಿದ್ದು ಕಂಡು, "ಸಾಕ್ಷಿ ನಾನಿಲ್ದೆ ತೀರ್ಪು ಹೇಗೆ ಕೊಟ್ರಿ?" ಎಂದು ಕೂಗಾಡಿದ. ಅವನಿಗೆ ಮೊದಲನೆಯದನ್ನು ಕೊಟ್ಟರು. ಮಧ್ಯಾಹ್ನದೊಳಗೆ ಭರಣಿಯ ತಳ ಕಂಡಿತು.

ಪಾತ್ರೆಯಲ್ಲಿ ಬೇಯಿಸಿದ್ದು ಆಮೇಲೆ ಸಾಲದೇ ಹೋಯಿತು. ತಮ್ಮ ಭಟ್ಟಿಯ ಹೊಟ್ಟೆಯಿಂದ ರಟ್ಟಿನ ಪೆಟ್ಟಿಗೆಗಳನ್ನು ಎಳೆದು ಹಾಕಿದ, ಗುಡಿಸಿ ಬೆಂಕಿ ಹಾಕಿದ. ಬಗ್ಗಿ ಏಳುವ ಕೆಲಸ ಅಕ್ಕನದು, ಕೂತು ಸೌದೆ ಒಡ್ಡುವ ಕೆಲಸ ಅವನದು. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. "ಇದು ಭಟ್ಟಿಯೋ, ಇಸ್ತ್ರಿ ಪೆಟ್ಟಿಗೆಯೋ?" ಅನ್ನುವನು ಅವನು. "ನೀನು ಸುಮ್ನೆ ಸೌದೆ ಹಾಕೋ," ಅನ್ನುವಳು ಇವಳು. ಬೆಳಗಿನ ಹೊತ್ತು ಬಟ್ಟೆ, ಮಧ್ಯಾಹ್ನದ ಮೇಲೆ ಬಿಸ್ಕತ್ತು. ಅವಳು ಮಡಚಿ ಕೊಟ್ಟ ಬಟ್ಟೆಗಳಿಗೆಲ್ಲ ಬೆಣ್ಣೆಯ ವಾಸನೆ ಬರತೊಡಗಿತು, ಯಾರೂ ದೂರಲಿಲ್ಲ. ಆಚೆ ಬೀದಿಗಳಿಂದಲೂ ಜನ ಬಂದರು. ಅಕ್ಕನ ನಡಿಗೆಯೇ ಬದಲಾಯಿತು. ಆ ಇಳಿಜಾರು ಸೂರಿನ ಕೆಳಗೂ ಅವಳು ತಲೆಯೆತ್ತಿ ನಿಂತ ಹಾಗೆ ಕಾಣುತ್ತಿತ್ತು. ಹೀಗೆ ಕೆಲವು ವರ್ಷ ಚೆನ್ನಾಗಿ ಕಳೆದವು.

ಆ ಕೊನೆಯ ಗುರುವಾರ ಮಧ್ಯಾಹ್ನ ಅವಳು ಭಟ್ಟಿಯಿಂದ ತೆಗೆದದ್ದು ಬೇರೆ ಬಣ್ಣದ ಬಿಸ್ಕತ್ತು. ಕಿತ್ತಳೆ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಬೆರೆಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಆರಿದ ಮೇಲೆ ತಟ್ಟೆಯನ್ನು ಬೇಕರಿಯ ಮುಂದುಗಡೆಗೆ ತಂದಳು. ತಮ್ಮ ಒಂದನ್ನು ಮೂಸಿ ನೋಡಿದ.

"ಇದು ಅಪ್ಪನ ಬಿಸ್ಕತ್ತಲ್ಲ."

"ಅಲ್ಲ ಕಣೋ. ಇದು ನಂದು."

"ಸರಿ, ಇದನ್ನ ಎಲ್ಲಿಡ್ತೀಯಾ? ಭರಣಿ ಎಲ್ಲಿದೆ?"

ಅಕ್ಕ ಸಾಲನ್ನೊಮ್ಮೆ ನೋಡಿದಳು. ಎರಡನೇ ಭರಣಿಯ ಮುಚ್ಚಳ ತಿರುಗಿಸಿ ತೆಗೆದು, ಅದರಲ್ಲಿದ್ದ ಫ್ಯಾಕ್ಟರಿ ಬಿಸ್ಕತ್ತುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಬಗ್ಗಿಸಿ ಸುರಿದಳು.

"ಅಕ್ಕಾ! ಅದು ಚೆನ್ನಾಗಿ ಹೋಗೋ ಮಾಲು!" ಎಂದು ತಮ್ಮ ಕೂಗಿಕೊಂಡ.

ಈ ಸಲ ಅಕ್ಕ ಅವನ ಹೂಂಗೆ ಕಾಯಲಿಲ್ಲ. ಮುರಿದು ನೋಡು ಎಂದೂ ಹೇಳಲಿಲ್ಲ. ಕಿತ್ತಳೆ ಬಿಸ್ಕತ್ತುಗಳನ್ನು ಕುತ್ತಿಗೆಯವರೆಗೂ ಜೋಡಿಸಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಭರಣಿಯನ್ನು ಬೀದಿಗೆ ಕಾಣುವ ಹಾಗೆ ಮುಂದಕ್ಕೆ ಸರಿಸಿದಳು.